ವಿಮಾನ ನೋಡುತ್ತ ಕೂರುವವರ ಪರವಾಗಿ



ಮಕ್ಕಳು ವಿದೇಶಕ್ಕೆ ಹೊರಟ ರಾತ್ರಿ ಮನೆಯಲ್ಲಿ ಉಳಿದ ಹಿರಿಯರು ಗಣಕಯಂತ್ರದ ಮುಂದೆ ಕುಳಿತು, ಭೂಪಟದ ಮೇಲೆ ಮೆಲ್ಲನೆ ಸರಿಯುವ ಪುಟ್ಟ ಹಳದಿ ವಿಮಾನವೊಂದನ್ನು ನೋಡುತ್ತಿರುವುದು ಈಗ ನಮ್ಮ ಅನೇಕ ಮನೆಗಳಲ್ಲಿ ಸಾಮಾನ್ಯ ದೃಶ್ಯವಾಗಿದೆ. ನಮ್ಮ ಬಂಧುವರ್ಗದಲ್ಲಿಯೇ ಇಂಥ ನಾಲ್ಕಾರು ಮನೆಗಳನ್ನು ನಾನು ಬಲ್ಲೆ. ಇದನ್ನು ಕಂಡು ಕಿರಿಯರು ನಗುವುದೂ ಉಂಟು. "ನೀವು ನೋಡುತ್ತ ಕೂತರೆ ವಿಮಾನ ಬೇಗ ಹೋಗಿ ಸೇರುತ್ತದೆಯೇ ಸಾರ್? ನಮ್ಮ ತಂದೆಗೂ ಇದೇ ಹುಚ್ಚು, ರಾತ್ರಿಯೆಲ್ಲ ನಿದ್ದೆಯಿಲ್ಲ, ಬರೀ ಕಾಲಹರಣ" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಸ್ವಲ್ಪ ದೀರ್ಘವಾಗುವುದರಿಂದ ಅದನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಕಾಲಹರಣವಲ್ಲ. ನಮ್ಮ ತಂದೆತಾಯಿಗಳು ಬಸ್ ನಿಲ್ದಾಣದವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡುತ್ತಿದ್ದರಲ್ಲ, ಆ ಕಳುಹಿಸಿಕೊಡುವ ಕೆಲಸದ ಇಂದಿನ ರೂಪವೇ ಇದು. ಆದರೆ ಆ ಹಳೆಯ ಕ್ರಮಕ್ಕೆ ಒಂದು ಎಲ್ಲೆಯಿತ್ತು. ತಿರುವು ಬಂದಾಗ ಬಸ್ಸು ತಾನಾಗಿ ಮರೆಯಾಗುತ್ತಿತ್ತು, ನಿಂತವರು ನಿಟ್ಟುಸಿರು ಬಿಟ್ಟು ಮನೆಯ ಕಡೆಗೆ ತಿರುಗುತ್ತಿದ್ದರು. ತೆರೆಯ ಮೇಲಿನ ಪ್ರಯಾಣಕ್ಕೆ ಅಂಥ ತಿರುವು ಇಲ್ಲ. ಆದ್ದರಿಂದ ಎಲ್ಲೆಯನ್ನು ನಾವೇ ಹಾಕಿಕೊಳ್ಳಬೇಕು. ಅದಕ್ಕೂ ಮೊದಲು, ನಾವು ನೋಡುತ್ತಿರುವುದು ನಿಜವಾಗಿ ಏನು ಎಂಬುದನ್ನು ತಿಳಿದುಕೊಳ್ಳಬೇಕು. ತಿಳಿಯದೆ ನೋಡಿದರೆ ಭಯ ಹುಟ್ಟುತ್ತದೆ. ತಿಳಿದು ನೋಡಿದರೆ ಅದೇ ತೆರೆ ಒಂದು ಒಳ್ಳೆಯ ಪಾಠವಾಗುತ್ತದೆ.

ಈ ವ್ಯವಸ್ಥೆಯ ಹಿಂದೆ ರಹಸ್ಯವೇನೂ ಇಲ್ಲ. ಹಾರುತ್ತಿರುವ ವಿಮಾನವು ಉಪಗ್ರಹಗಳ ನೆರವಿನಿಂದ ತಾನು ಎಲ್ಲಿದ್ದೇನೆಂದು ಕಂಡುಕೊಂಡು, ತನ್ನ ಗುರುತು, ಸ್ಥಾನ, ಎತ್ತರ, ವೇಗಗಳನ್ನು ರೇಡಿಯೋ ಸಂಕೇತದ ಮೂಲಕ ಸುತ್ತಲೂ ಸಾರುತ್ತ ಹೋಗುತ್ತದೆ. ಸ್ಥಾನದ ಸಂಕೇತವಂತೂ ಸೆಕೆಂಡಿಗೆ ಎರಡರಂತೆ ಹೊರಡುತ್ತಿರುತ್ತದೆ. ತಜ್ಞರು ಇದನ್ನು ಎಡಿಎಸ್-ಬಿ ಎನ್ನುತ್ತಾರೆ. ಊರಿನಲ್ಲಿ ಡಂಗುರ ಸಾರುವವನ ಮಾತನ್ನು ಬೀದಿಯಲ್ಲಿದ್ದವರೆಲ್ಲ ಕೇಳಿಸಿಕೊಳ್ಳಬಹುದಾದಂತೆ, 1090 ಮೆಗಾಹರ್ಟ್ಸ್ ತರಂಗದಲ್ಲಿ ಬರುವ ಈ ಸಂಕೇತವನ್ನು ಒಂದು ಚಿಕ್ಕ ಆಂಟೆನಾ ಮತ್ತು ಗ್ರಾಹಕ ಪೆಟ್ಟಿಗೆ ಇರುವ ಯಾರಾದರೂ ಹಿಡಿಯಬಹುದು. ಸ್ವೀಡನ್ ದೇಶದ ಇಬ್ಬರು ವಿಮಾನಾಸಕ್ತರು 2006ರಲ್ಲಿ ಇಂಥ ಗ್ರಾಹಕಗಳ ಜಾಲವೊಂದನ್ನು ಕಟ್ಟತೊಡಗಿದರು. 2009ರಲ್ಲಿ ಅದನ್ನು ಎಲ್ಲರಿಗೂ ತೆರೆದು, ಯಾರು ಬೇಕಾದರೂ ತಮ್ಮ ಗ್ರಾಹಕದ ಮಾಹಿತಿಯನ್ನು ಸೇರಿಸಬಹುದೆಂದರು. ಅದೇ ಇಂದಿನ ಫ್ಲೈಟ್‌ರಾಡಾರ್24. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ, ಉಚ್ಚರಿಸಲು ನಾಲಿಗೆ ಹೊರಳದ ಹೆಸರಿನ ಜ್ವಾಲಾಮುಖಿಯೊಂದು ಬೂದಿ ಕಾರಿ ಯುರೋಪಿನ ಆಕಾಶ ಬರಿದಾದಾಗ, ಆ ಬರಿದಾದ ಭೂಪಟವನ್ನು ನೋಡಲು ಬಂದ ಜನರಿಂದಲೇ ಈ ತಾಣ ಲೋಕಕ್ಕೆ ಪರಿಚಯವಾಯಿತು. ಇಂದು ಹತ್ತಾರು ಸಾವಿರ ಗ್ರಾಹಕಗಳು ಈ ಜಾಲದಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ತಮ್ಮ ಮನೆಯ ಮಾಳಿಗೆಯ ಮೇಲೆ ಇರಿಸಿಕೊಂಡು ನೋಡಿಕೊಳ್ಳುತ್ತಿರುವವರು ನಮ್ಮ ನಿಮ್ಮಂಥ ಸಾಮಾನ್ಯರು. ನಮ್ಮ ಮಗಳ ವಿಮಾನ ನಮಗೆ ಕಾಣುತ್ತಿರುವುದು, ಅದರ ದಾರಿಯಲ್ಲಿ ವಾಸಿಸುವ ಯಾವನೋ ಅಪರಿಚಿತನ ಔದಾರ್ಯದಿಂದ ಎಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ಇನ್ನು ಭಯದ ಮಾತಿಗೆ ಬರೋಣ. ವಿಮಾನ ಅರಬ್ಬಿ ಸಮುದ್ರದ ಮೇಲೆ ಹೋಗುತ್ತಿದೆ; ಇದ್ದಕ್ಕಿದ್ದಂತೆ ಹಳದಿ ಗುರುತು ನಿಂತುಬಿಡುತ್ತದೆ, ಅಥವಾ ಮಾಯವಾಗುತ್ತದೆ. ಮನೆಯಲ್ಲಿ ಕುಳಿತವರ ಎದೆ ಹೊಡೆದುಕೊಳ್ಳುತ್ತದೆ. ಒಮ್ಮೆ ನನ್ನ ಶ್ರೀಮತಿಯವರು ಇಂಥ ಗಳಿಗೆಯಲ್ಲಿ ಎದ್ದುಹೋಗಿ ದೇವರ ಮುಂದೆ ದೀಪ ಹಚ್ಚಿದರು. ದೀಪ ಹಚ್ಚುವುದು ಒಳ್ಳೆಯದೇ. ಆದರೆ ಕಾರಣವನ್ನೂ ತಿಳಿದಿರುವುದು ಇನ್ನೂ ಒಳ್ಳೆಯದೆಂದು ನಾನು ಅವರಿಗೆ ಹೇಳಿದ್ದು, ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದ ಒಂದು ಹಳೆಯ ಪಾಠವನ್ನು. ದಡದಿಂದ ದೂರ ಸಾಗುವ ಹಡಗಿನಲ್ಲಿ ಮೊದಲು ಒಡಲು ಮರೆಯಾಗುತ್ತದೆ, ಕೊನೆಗೆ ಪಟಸ್ತಂಭದ ತುದಿ. ಏಕೆ? ಭೂಮಿ ದುಂಡಗಿರುವುದರಿಂದ. ಪರೀಕ್ಷೆಯಲ್ಲಿ ನೀವೆಲ್ಲ ಈ ಉತ್ತರ ಬರೆದು ಅಂಕ ಪಡೆದವರೇ. ವಿಮಾನದ ಸಂಕೇತವೂ ನೇರ ಗೆರೆಯಲ್ಲಿ ಸಾಗುತ್ತದೆ. ಸುಮಾರು 35 ಸಾವಿರ ಅಡಿ ಎತ್ತರದಲ್ಲಿರುವ ವಿಮಾನ ಕೂಡ ದಡದ ಗ್ರಾಹಕದಿಂದ ನಾಲ್ಕುನೂರು ಕಿಲೋಮೀಟರಿನ ಆಸುಪಾಸು ದಾಟಿದರೆ ಭೂಮಿಯ ಉಬ್ಬಿನ ಹಿಂದೆ ಸರಿಯುತ್ತದೆ. ನಡುಗಡಲಿನಲ್ಲಿ ಮಾಳಿಗೆಯೂ ಇಲ್ಲ, ಆಂಟೆನಾವೂ ಇಲ್ಲ. ಅಲ್ಲಿ ಗುರುತು ಮಾಯವಾದರೆ ಕೇಳುವವರು ಇಲ್ಲವೆಂದಷ್ಟೇ ಅರ್ಥ, ಹೇಳುವವನು ಇಲ್ಲವೆಂದಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿಯೂ ಇದೆ. ಸಮುದ್ರದ ಮೇಲೆ ಗುರುತು ಹಾಯಾಗಿ ಸಾಗುತ್ತಿರುವಂತೆ ಕಂಡರೂ ಅದು ಕೆಲವೊಮ್ಮೆ ಕೇವಲ ಅಂದಾಜು; ಹಿಂದಿನ ವೇಗ, ದಿಕ್ಕುಗಳ ಲೆಕ್ಕದಿಂದ ಗಣಕಯಂತ್ರ ಬರೆದ ಚಿತ್ರ. ಯುದ್ಧ ನಡೆಯುವ ಪ್ರದೇಶಗಳ ಸಮೀಪದಲ್ಲಿ ಉಪಗ್ರಹ ಸಂಕೇತಗಳನ್ನು ಕೆಡಿಸುವ ಕೆಲಸವೂ ನಡೆಯುವುದರಿಂದ, ಅಲ್ಲಿ ವಿಮಾನವು ಇಲ್ಲದ ಜಾಗದಲ್ಲಿ ಇರುವಂತೆ ಕಾಣುವುದೂ ಉಂಟು. 2019ರಿಂದೀಚೆಗೆ ಉಪಗ್ರಹಗಳೇ ವಿಮಾನಗಳ ಸಂಕೇತವನ್ನು ಮೇಲಿನಿಂದ ಹಿಡಿಯುವ ವ್ಯವಸ್ಥೆಯೂ ಬಂದಿದೆಯಾದರೂ, ಸಾರ್ವಜನಿಕರ ತೆರೆಗೆ ಅದೆಲ್ಲವೂ ಬರುವುದಿಲ್ಲ. ಒಟ್ಟಿನಲ್ಲಿ, ಚುಕ್ಕೆ ನಿಂತ ಮಾತ್ರಕ್ಕೆ ಅಳುವುದೂ ಬೇಡ, ಚುಕ್ಕೆ ಓಡಿದ ಮಾತ್ರಕ್ಕೆ ಎಲ್ಲವೂ ಗೊತ್ತಾಯಿತೆಂದು ತಿಳಿಯುವುದೂ ಬೇಡ.

"ನಿಜವಾಗಿ ಮಾಯವಾದ ವಿಮಾನಗಳು ಇಲ್ಲವೇ?" ಎಂದು ನೀವು ಕೇಳುವಿರಿ. ಇವೆ. 8 ಮಾರ್ಚ್ 2014ರಂದು 239 ಜನರಿದ್ದ ಮಲೇಷಿಯಾ ಏರ್‌ಲೈನ್ಸ್ ವಿಮಾನ ಎಲ್ಲರ ತೆರೆಗಳಿಂದಲೂ ಅಳಿಸಿಹೋಯಿತು. ಆ ಘಟನೆಯ ನಂತರ, ಇಷ್ಟೆಲ್ಲ ಯಂತ್ರಗಳಿರುವ ಕಾಲದಲ್ಲಿ ವಿಮಾನ ಎಲ್ಲಿದೆಯೆಂದು ತಿಳಿಯಲಾಗದೆ ಹೋದುದು ಹೇಗೆಂದು ಲೋಕವೇ ಕೇಳಿತು. ಸಾಮಾನ್ಯ ಹಾರಾಟದಲ್ಲಿ ಕನಿಷ್ಠ 15 ನಿಮಿಷಕ್ಕೊಮ್ಮೆಯಾದರೂ ದೊಡ್ಡ ಪ್ರಯಾಣಿಕ ವಿಮಾನದ ಸ್ಥಾನ ತಿಳಿಯುತ್ತಿರಬೇಕೆಂಬ ಅಂತರರಾಷ್ಟ್ರೀಯ ನಿಯಮ 2018ರ ನವೆಂಬರಿನಲ್ಲಿ ಜಾರಿಗೆ ಬಂದಿತು. 12 ಜೂನ್ 2025ರಂದು ಅಹಮದಾಬಾದಿನಲ್ಲಿ ನೆಲಬಿಟ್ಟ ಏರ್ ಇಂಡಿಯಾ ವಿಮಾನದ ಸಂಕೇತ ಒಂದು ನಿಮಿಷ ಕಳೆಯುವುದರೊಳಗೆ ನಿಂತುಹೋಯಿತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದವನು ಒಬ್ಬನೇ. ಆ ದಿನದ ನಂತರ ಅನೇಕ ಮನೆಗಳಲ್ಲಿ ಈ ತೆರೆಯನ್ನು ನೋಡುವ ದೃಷ್ಟಿಯೇ ಬದಲಾಯಿತು. ಕುತೂಹಲ ಇದ್ದ ಜಾಗದಲ್ಲಿ ಕಾವಲು ಬಂದು ಕುಳಿತಿತು. ಇದು ಸಹಜ. ಆದರೆ ನಮ್ಮ ಕಾವಲಿನಿಂದ ವಿಮಾನಕ್ಕೆ ಏನೂ ಆಗುವುದಿಲ್ಲ. ಅದನ್ನು ಕಾಯಲು ಚಾಲಕರಿದ್ದಾರೆ, ಎಂಜಿನಿಯರುಗಳಿದ್ದಾರೆ, ನೆಲದ ಮೇಲೆ ದಾರಿ ತೋರುವ ನಿಯಂತ್ರಕರಿದ್ದಾರೆ. ಮನೆಯಲ್ಲಿರುವವರಿಗೆ ಉಳಿದಿರುವುದು ನೋಟ ಮಾತ್ರ. ಆ ನೋಟವನ್ನು ಭಯಕ್ಕೇ ಪೂರ್ತಿ ಒಪ್ಪಿಸಿಬಿಡುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಚುಕ್ಕೆಯನ್ನು ಬಿಟ್ಟು ಅದರ ಕೆಳಗಿರುವ ಭೂಮಿಯನ್ನು ನೋಡಿ. ನಾನು ಭೂಗೋಳ ಕಲಿಸುತ್ತಿದ್ದ ಕಾಲದಲ್ಲಿ ಇದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಗೋಡೆಗೆ ತೂಗುಹಾಕಿದ, ಅಂಚು ಹರಿದ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿನಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಸಾಗರಗಳ ನಡುವೆ ಹೋಗುತ್ತದೆ. ಆದರೆ ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರ ಧ್ರುವದ ಬಳಿಗೆ ಏರುತ್ತದೆ! ಆಗ ಇದನ್ನು ನಂಬದೆ ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಕ್ಕವರು ಇದನ್ನು ಓದುತ್ತಿದ್ದರೆ ಗಮನಿಸಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಸುಮಾರು 17 ಗಂಟೆ ಹಾರಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದವರು ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಚಾಲಕರ ತಂಡ. ನನ್ನ ದಾರದ ಪಾಠವನ್ನು ನಾಲ್ವರು ಹೆಣ್ಣುಮಕ್ಕಳು ಆಕಾಶದಲ್ಲಿ ಬರೆದು ತೋರಿಸಿದರು.

ಅಟ್ಲಾಂಟಿಕ್ ಸಾಗರವನ್ನು ನೋಡಿ. ನಾವು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ವಿಮಾನಗಳ ಹಿಂಡು ಅಮೆರಿಕದಿಂದ ಯುರೋಪಿನತ್ತ ಮುಖ ಮಾಡಿರುತ್ತದೆ. ಸಂಜೆ ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಅದೇ ಹಿಂಡು ಯುರೋಪಿನಿಂದ ಅಮೆರಿಕದತ್ತ ತಿರುಗಿರುತ್ತದೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಪ್ರಬಲ ಗಾಳಿಯಿದೆ. ಪೂರ್ವಕ್ಕೆ ಹೋಗುವವರು ಅದರ ಬೆನ್ನೇರುತ್ತಾರೆ, ಪಶ್ಚಿಮಕ್ಕೆ ಹೋಗುವವರು ಅದನ್ನು ತಪ್ಪಿಸಿ ನಡೆಯುತ್ತಾರೆ. ಆ ಗಾಳಿ ದಿನಕ್ಕೊಂದು ಕಡೆ ಹರಿಯುವುದರಿಂದ ಸಾಗರದ ಮೇಲಿನ ದಾರಿಗಳನ್ನೂ ದಿನದಿನವೂ ಹೊಸದಾಗಿ ಗೊತ್ತುಮಾಡಲಾಗುತ್ತದೆ. ಇನ್ನು ಹಿಮಾಲಯದ ಆಚೆ ಟಿಬೆಟ್ಟಿನ ಮೇಲೆ ವಿಮಾನಗಳು ವಿರಳ. ಕಾರಣ ಸರಳವಾದುದು. ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಚಾಲಕ ತಕ್ಷಣ ಸುಮಾರು ಹತ್ತು ಸಾವಿರ ಅಡಿಗೆ, ಎಂದರೆ ಮೂರು ಸಾವಿರ ಮೀಟರಿಗೆ ಇಳಿಯಬೇಕು. ಆದರೆ ಅಲ್ಲಿ ನೆಲವೇ ನಾಲ್ಕೂವರೆ ಸಾವಿರ ಮೀಟರಿನಷ್ಟು ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ? "ಪ್ರಪಂಚದ ಛಾವಣಿ" ಎಂದು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ದೊರೆತಿಲ್ಲ.

ಇದೇ ತೆರೆಯ ಮೇಲೆ ಚರಿತ್ರೆಯೂ ಇದೆ. 24 ಫೆಬ್ರವರಿ 2022ರಂದು ಯುಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದಾಗ, ಭೂಪಟದ ನಡುವೆ ಒಂದು ದೊಡ್ಡ ತೂತು ಬಿದ್ದಂತೆ ಕಂಡಿತು. ಆಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶವೂ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಹತ್ತು ಗಂಟೆಯ ಹಾದಿಯಾಗಿದ್ದುದು ಹದಿಮೂರು ಗಂಟೆಯಷ್ಟಾಯಿತು. 2025ರ ಏಪ್ರಿಲ್ ಕೊನೆಯ ವಾರದಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೂ, ಭಾರತ ಪಾಕಿಸ್ತಾನದ ವಿಮಾನಗಳಿಗೂ ಆಕಾಶ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳು ಗುಜರಾತಿನ ಕಡೆಗೆ ಇಳಿದು ಅರಬ್ಬಿ ಸಮುದ್ರವನ್ನು ಬಳಸಿ ಹೋಗುವುದನ್ನು ತೆರೆಯ ಮೇಲೆ ಕಾಣಬಹುದಾಗಿತ್ತು. ಗಡಿ ಎಂಬುದು ನೆಲದ ಮೇಲೆ ಮಾತ್ರ ಇರುವುದಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪೌರನೀತಿ ಪಾಠ ಹೇಳೀತು?

ಮತ್ತೆ ಕೊರೋನಾ ಕಾಲವನ್ನು ಮರೆಯುವುದುಂಟೆ? 25 ಮಾರ್ಚ್ 2020ರಿಂದ ಎರಡು ತಿಂಗಳ ಕಾಲ ದೇಶದೊಳಗಿನ ಪ್ರಯಾಣಿಕ ವಿಮಾನಗಳು ನಿಂತವು. ಹೊರದೇಶಗಳಿಗೆ ನಿಯಮಿತ ಸೇವೆ ಮತ್ತೆ ಆರಂಭವಾದುದು 27 ಮಾರ್ಚ್ 2022ರಂದು. ನಡುವೆ ವಿಶೇಷ ವಿಮಾನಗಳಷ್ಟೇ ಆಸರೆ. ಆ ದಿನಗಳಲ್ಲಿ ಭಾರತದ ಮೇಲಿನ ಬರಿದಾದ ಆಕಾಶವನ್ನು ತೆರೆಯಲ್ಲಿ ನೋಡಿದವರಿಗೆ ಒಂದು ಮಾತು ಅರ್ಥವಾಗಿರಬೇಕು. ಅಲ್ಲಿ ಓಡಾಡುವ ಒಂದೊಂದು ಹಳದಿ ಗುರುತಿನೊಳಗೂ ಯಾರದೋ ಮಗಳು, ಯಾರದೋ ಅಳಿಯ, ತಾಯಿಯ ಕೊನೆಯ ಮುಖ ನೋಡಲು ಹೊರಟ ಯಾವನೋ ಮಗ ಇರುತ್ತಾನೆ. ಗುರುತುಗಳು ಮಾಯವಾದಾಗ ಆ ಮಗ ದೂರದಲ್ಲಿಯೇ ಉಳಿದುಬಿಡುತ್ತಾನೆ. ನಮ್ಮ ಪರಿಚಿತರಲ್ಲಿಯೇ ಮಕ್ಕಳು ಬರಲಾಗದೆ ನಡೆದ ಅಂತ್ಯಕ್ರಿಯೆಗಳು ಎಷ್ಟಾದವು ಎಂಬುದು ನಿಮಗೂ ಗೊತ್ತು. ಹಾಗಾಗಿ ಈಗ ಇಡೀ ತೆರೆ ಹಳದಿ ಇರುವೆಗಳಿಂದ ತುಂಬಿದಂತೆ ಕಂಡರೆ ನನಗೆ ಸಮಾಧಾನ. ನನ್ನವರು ಅದರಲ್ಲಿ ಇಲ್ಲದ ರಾತ್ರಿಯೂ ನಾನು ಆಗಾಗ ಅದನ್ನು ತೆರೆದು ನೋಡುವುದು ಈ ಕಾರಣಕ್ಕೆ.

ಜನ ಒಟ್ಟಾಗಿ ನೋಡುವುದರಲ್ಲಿಯೂ ಒಂದು ಅರ್ಥವಿದೆ. 13 ಸೆಪ್ಟೆಂಬರ್ 2022ರಂದು ಬ್ರಿಟನ್ನಿನ ರಾಣಿ ಎಲಿಜಬೆತ್ ಅವರ ಪಾರ್ಥಿವ ಶರೀರವನ್ನು ಎಡಿನ್‌ಬರೋದಿಂದ ಲಂಡನ್ನಿಗೆ ಒಯ್ದ ವಿಮಾನವನ್ನು ಫ್ಲೈಟ್‌ರಾಡಾರ್24ರಲ್ಲಿ ಸುಮಾರು 48 ಲಕ್ಷ ಜನ ಹಿಂಬಾಲಿಸಿದರು. ಅವರು ಕಂಡದ್ದಾದರೂ ಏನು? ಶವಪೆಟ್ಟಿಗೆಯಲ್ಲ, ಪುಷ್ಪವಲ್ಲ, ಒಂದು ಚುಕ್ಕೆ ಮಾತ್ರ. ಆದರೂ ನೋಡಿದರು. ಹೊರಟವರ ಹಿಂದೆ ನಾಲ್ಕು ಹೆಜ್ಜೆ ನಡೆಯುವುದು ಮನುಷ್ಯನ ಸ್ವಭಾವ. ದೇಶ ಯಾವುದಾದರೇನು?

ಈ ನಾಲ್ಕು ಹೆಜ್ಜೆ ಎಷ್ಟು ದೂರದವರೆಗೆ ಎಂಬುದೇ ಈಗ ಉಳಿದ ಪ್ರಶ್ನೆ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕವನ್ನು ನೆನಪಿಸಿಕೊಳ್ಳಿ. ಗಂಡನ ಮನೆಗೆ ಹೊರಟ ಶಕುಂತಲೆಯ ಹಿಂದೆ ಕಣ್ವರು ನಡೆದು ಬರುತ್ತಾರೆ. ಸಂಸಾರವೇ ಇಲ್ಲದ ಆ ತಪಸ್ವಿಗೂ ಹೆಜ್ಜೆ ಹಿಂದಕ್ಕೆ ಬರುತ್ತಿಲ್ಲ. ಆಗ ಶಿಷ್ಯನಾದ ಶಾರ್ಙ್ಗರವನು, ಪ್ರಿಯರನ್ನು ಕಳುಹಿಸಲು ಬಂದವರು ನೀರಿನ ಅಂಚಿನವರೆಗೆ ಬಂದರೆ ಸಾಕೆಂಬ ಸಂಪ್ರದಾಯವನ್ನು ನೆನಪಿಸುತ್ತಾನೆ. ಎದುರಿಗೆ ಸರೋವರವಿದೆ, ಹೇಳಬೇಕಾದುದನ್ನು ಹೇಳಿ ಹಿಂದಿರುಗಬೇಕು. ನಮ್ಮ ಹಿಂದಿನವರು ಎಷ್ಟು ಬುದ್ಧಿವಂತರು! ಪ್ರೀತಿ ಬೇಡವೆನ್ನಲಿಲ್ಲ, ಹಿಂದೆ ಬರಬೇಡವೆನ್ನಲಿಲ್ಲ. ಹಿಂದಿರುಗಲು ಒಂದು ಜಾಗವನ್ನು ಮಾತ್ರ ಗೊತ್ತುಮಾಡಿದರು. ಬಸ್ಸಿನ ತಿರುವು, ರೈಲ್ವೆ ಪ್ಲಾಟ್‌ಫಾರ್ಮಿನ ಕೊನೆ, ವಿಮಾನ ನಿಲ್ದಾಣದಲ್ಲಿ ಗುರುತಿನ ಚೀಟಿ ನೋಡುವ ಬಾಗಿಲು, ಇವೆಲ್ಲ ನಮ್ಮ ಕಾಲದ ನೀರಿನಂಚುಗಳು. ಗಣಕಯಂತ್ರದ ತೆರೆ ಆ ಅಂಚನ್ನು ಅಳಿಸಿಹಾಕಿದೆ. ಹತ್ತು ಸಾವಿರ ಕಿಲೋಮೀಟರ್ ದೂರದವರೆಗೂ ಹಿಂಬಾಲಿಸಲು ಸಾಧ್ಯವಾದಾಗ, ಎಲ್ಲಿ ಹಿಂದಿರುಗಬೇಕೆಂಬುದೇ ನಮಗೆ ಮರೆತುಹೋಗುತ್ತಿದೆ.

ನಮ್ಮ ಮನೆಯಲ್ಲಿ ನಾವು ಅದನ್ನು ಹೀಗೆ ಗೊತ್ತುಮಾಡಿಕೊಂಡಿದ್ದೇವೆ. ವಿಮಾನ ನೆಲಬಿಟ್ಟ ಮೇಲೆ ತೆರೆಯಲ್ಲಿ ಅದರ ಎತ್ತರದ ಅಂಕಿ ಏರುತ್ತ ಹೋಗುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಆ ಏರುವಿಕೆ ನಿಂತು ಅಂಕಿ ಸ್ಥಿರವಾಗುತ್ತದೆ. ವಿಮಾನಗಳ ಅಪಘಾತಗಳಲ್ಲಿ ಹೆಚ್ಚಿನವು ಸಂಭವಿಸುವುದು ಏರುವಾಗ ಮತ್ತು ಇಳಿಯುವಾಗ. ನಡುವಿನ ದೀರ್ಘ ಹಾರಾಟವೇ ಅತ್ಯಂತ ನಿರಾತಂಕವಾದ ಭಾಗ. ಆದ್ದರಿಂದ ಎತ್ತರದ ಅಂಕಿ ಸ್ಥಿರವಾದ ಗಳಿಗೆಯೇ ನಮ್ಮ ನೀರಿನಂಚು. "ಹೋಗಿ ಬಾ ಮಗಳೇ" ಎಂದು ಮನಸ್ಸಿನಲ್ಲಿ ಅಂದುಕೊಂಡು ಯಂತ್ರವನ್ನು ಆರಿಸಿ ಮಲಗುತ್ತೇವೆ. ನಿದ್ದೆ ಬಾರದಿದ್ದರೆ ಮಾತಾಡುತ್ತೇವೆ. ಬೆಳಗ್ಗೆ ಎದ್ದು, ವಿಮಾನ ಯಾವ ಊರಿನ ಮೇಲಿದೆಯೆಂದು ಒಮ್ಮೆ ನೋಡಿ, ಆ ಊರಿನ ಬಗ್ಗೆ ಭೂಪಟದ ಪುಸ್ತಕ ತೆಗೆಯುವುದೂ ಉಂಟು. ಕಪ್ಪು ಸಮುದ್ರವೂ, ಕಾಕಸಸ್ ಪರ್ವತಗಳೂ ನನ್ನ ಶ್ರೀಮತಿಯವರಿಗೆ ಪರಿಚಯವಾದುದು ಹೀಗೆಯೇ.

ಈಗ ಪ್ರಯಾಣ ಮಾಡುವ ನನ್ನ ವಿದ್ಯಾರ್ಥಿಗಳಿಗೂ, ಬಂಧುಗಳ ಮಕ್ಕಳಿಗೂ ಒಂದು ಮಾತು. ನಿಮ್ಮ ತಂದೆತಾಯಿ ತೆರೆಯ ಮುಂದೆ ಕೂರುವುದನ್ನು ಕಂಡು ನಗಬೇಡಿ. ನೀವು ಊರು ಬಿಟ್ಟಾಗ ಅವರ ಕೈಯಿಂದ ಬಹಳಷ್ಟು ಜಾರಿಹೋಯಿತು. ನೀವು ಏನು ಉಣ್ಣುತ್ತೀರಿ, ಯಾರೊಡನೆ ಮಾತಾಡುತ್ತೀರಿ, ಜ್ವರ ಬಂದರೆ ನೀರು ಕೊಡುವವರು ಯಾರು ಎಂಬುದು ಅವರಿಗೆ ಗೊತ್ತಿಲ್ಲ. ವರ್ಷಕ್ಕೊಂದು ರಾತ್ರಿಯಾದರೂ ನೀವು ಖಚಿತವಾಗಿ ಎಲ್ಲಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ. ಅದನ್ನು ಅವರಿಗೆ ಬಿಟ್ಟುಕೊಡಿ. ಹೊರಡುವ ಮುನ್ನ ವಿಮಾನದ ಸಂಖ್ಯೆಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಡಿ, ನಡುವೆ ವಿಮಾನ ಬದಲಾಯಿಸುವುದಿದ್ದರೆ ಎರಡೂ ಸಂಖ್ಯೆಗಳನ್ನು ಬರೆಯಿರಿ. ಸಮುದ್ರದ ಮೇಲೆ ಚುಕ್ಕೆ ಏಕೆ ಮಾಯವಾಗುತ್ತದೆಂದು ಹತ್ತು ನಿಮಿಷ ಕುಳಿತು ಅವರಿಗೆ ವಿವರಿಸಿ. ಇದನ್ನು ಹೇಳಿಕೊಡಲು ನಿಮಗಿಂತ ಒಳ್ಳೆಯ ಮೇಷ್ಟರು ಅವರಿಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಇಳಿದ ಕೂಡಲೇ ಕರೆ ಮಾಡಿ. "ತೆರೆಯ ಮೇಲೆ ನೋಡಿರುತ್ತಾರಲ್ಲ, ಮತ್ತೇಕೆ?" ಎಂದು ಸುಮ್ಮನಾಗಬೇಡಿ. ವಿಮಾನ ಇಳಿಯಿತೆಂದು ತೆರೆ ಹೇಳೀತು. ನಿಮ್ಮ ಕಾಲುನೋವು ಹೇಗಿದೆ, ಮಗು ದಾರಿಯಲ್ಲಿ ಅತ್ತಿತೇ, ಕಟ್ಟಿಕೊಟ್ಟ ಚಪಾತಿ ತಿಂದಿರೋ ಹಾಗೆಯೇ ಉಳಿಯಿತೋ ಎಂಬುದನ್ನು ಹೇಳಬೇಕಾದವರು ನೀವೇ. ಹಿರಿಯರು ನೀರಿನಂಚಿನಿಂದ ನೆಮ್ಮದಿಯಾಗಿ ಹಿಂದಿರುಗಬೇಕಾದರೆ, ಆಚೆ ದಡದಿಂದ ಒಂದು ದನಿ ಕೇಳಿಸುತ್ತದೆಂಬ ಭರವಸೆ ಅವರಿಗೆ ಇರಬೇಕು.

ನಿಮ್ಮ ಪ್ರಯಾಣಗಳೆಲ್ಲ ಸುಖಕರವಾಗಲಿ.